ಅಕ್ಷರಗುಂಡಿನಿಂದ ಅಂತರಜಾಲದವರೆಗೆ

ಕುತೂಹಲ, ಜಿಜ್ಞಾಸೆ ಎಂಬ ಎರಡು ಮಾತುಗಳನ್ನು ನಾವು ಸಾಮಾನ್ಯವಾಗಿ ಒಂದೇ ಅರ್ಥದಲ್ಲಿ ಬಳಸುತ್ತೇವೆ. ವಿಚಾರಮಾಡಿ ನೋಡಿದರೆ ಇವೆರಡಕ್ಕೂ ಅಂತರವಿದೆ. ಸಂತೆಯಲ್ಲಿ ಜನ ಗುಂಪುಗೂಡಿದ್ದರೆ ಇಣುಕಿ ನೋಡಬೇಕೆನ್ನಿಸುವುದು ಕುತೂಹಲ. ಅದು ಮಗುವಿಗೂ ಉಂಟು, ಮುದುಕರಿಗೂ ಉಂಟು. ನೋಡಿದ ಮೇಲೆ ಇದು ಹೀಗೇಕಾಯಿತು, ಹೀಗೆಂದು ಹೇಳಿದವರಿಗೆ ಅದು ಹೇಗೆ ತಿಳಿಯಿತು ಎಂದು ಮನಸ್ಸು ವಿಷಯದ ಬೆನ್ನುಹತ್ತಿ ಹೋದರೆ ಅದು ಜಿಜ್ಞಾಸೆ. ತಿಳಿಯಬೇಕೆಂಬ ಇಚ್ಛೆ ಎಂದೇ ಆ ಶಬ್ದದ ಅರ್ಥ. ಬಾದರಾಯಣರ ಬ್ರಹ್ಮಸೂತ್ರಗಳಲ್ಲಿ ಮೊದಲನೆಯ ಸೂತ್ರವೇ ಈ ಶಬ್ದವನ್ನು ಒಳಗೊಂಡಿದೆ. ನಮ್ಮ ಹಿರಿಯರು ಶಾಸ್ತ್ರದ ಬಾಗಿಲಲ್ಲಿ ಉತ್ತರವನ್ನು ನಿಲ್ಲಿಸದೆ ತಿಳಿಯುವ ಇಚ್ಛೆಯನ್ನು ನಿಲ್ಲಿಸಿದರು ಎಂಬುದು ಗಮನಿಸತಕ್ಕ ಅಂಶ.

ಈ ಜಿಜ್ಞಾಸೆ ಅಂತರಜಾಲದ ಯುಗದಲ್ಲಿ ಕುಂದುತ್ತಿದೆ ಎಂಬ ದೂರು ಈಗ ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಅಂತರಜಾಲದ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಕನ್ನಡದ ವಿಕಿಪೀಡಿಯ ಆರಂಭವಾದದ್ದು 2003ರಲ್ಲಿ. ಅನಂತರದ ವರ್ಷಗಳಲ್ಲಿ ಮೊಬೈಲು ಫೋನಿನ ಮೂಲಕ ಅದು ಹೊಲದ ಬದುವಿಗೂ ಬಂದಿತು. ಈಗಂತೂ ಕೇಳಿದ ಪ್ರಶ್ನೆಗೆ ಮನುಷ್ಯನಂತೆಯೇ ವಾಕ್ಯ ಕಟ್ಟಿ ಉತ್ತರ ಹೇಳುವ ಯಂತ್ರಗಳೂ ಬಂದಿವೆ. ಉತ್ತರ ಇಷ್ಟು ಅಗ್ಗವಾದ ಮೇಲೆ ಪ್ರಶ್ನೆ ಕೇಳುವ ಶ್ರಮವನ್ನು ಯಾರು ಪಡುತ್ತಾರೆ ಎಂಬುದು ಹಿರಿಯರ ಕೊರಗು.

ಈ ದೂರನ್ನು ತಳ್ಳಿಹಾಕುವುದು ಸುಲಭ. ಹೊಸದೊಂದು ಸಾಧನ ಬಂದಾಗಲೆಲ್ಲ ಇಂಥ ಮಾತು ಹುಟ್ಟಿದೆ. ವಿದ್ಯೆ ಪುಸ್ತಕದಲ್ಲಿದ್ದರೆ ಪ್ರಯೋಜನವಿಲ್ಲ, ಅದು ಪರರ ಕೈಯಲ್ಲಿರುವ ಹಣದಂತೆ ಎಂಬ ಅರ್ಥದ ಸುಭಾಷಿತ ಸಂಸ್ಕೃತದಲ್ಲಿ ಉಂಟು. ಪುಸ್ತಕವೇ ಒಂದು ಕಾಲದಲ್ಲಿ ಈ ಆಪಾದನೆಗೆ ಗುರಿಯಾಗಿತ್ತು ಎಂದಾಯಿತು. ಗ್ರೀಸಿನಲ್ಲಿ ಪ್ಲೇಟೋ ಬರೆದ ಒಂದು ಸಂವಾದದಲ್ಲಿ ಸಾಕ್ರೆಟೀಸನು ಬರವಣಿಗೆಯ ಮೇಲೆಯೇ ಇಂಥ ಸಂಶಯವನ್ನು ವ್ಯಕ್ತಪಡಿಸುತ್ತಾನೆ. ಸಿನಿಮಾ ಬಂದಾಗ, ರೇಡಿಯೋ ಬಂದಾಗ, ದೂರದರ್ಶನ ಬಂದಾಗ ಇದೇ ಮಾತು ಮರಳಿ ಬಂದಿತು. ಆದರೆ ದೂರು ಹಳೆಯದು ಎಂದ ಮಾತ್ರಕ್ಕೆ ಅದು ಸುಳ್ಳೆಂದು ತೀರ್ಮಾನಿಸುವಂತಿಲ್ಲ. ಆದ್ದರಿಂದ ಇದನ್ನು ಸಾಮಾನ್ಯ ಮಾತುಗಳಲ್ಲಿ ಚರ್ಚಿಸುವುದಕ್ಕಿಂತ ಒಂದು ಸೀಮೆಯ ಚರಿತ್ರೆಯಲ್ಲಿಟ್ಟು ನೋಡುವುದು ಮೇಲು ಎಂದು ನನಗೆ ತೋರುತ್ತದೆ. ನಾನು ಆರಿಸಿಕೊಂಡಿರುವುದು ಚಿತ್ರದುರ್ಗದ ಸೀಮೆಯನ್ನು. ಅಲ್ಲಿ ಜ್ಞಾನವು ಕಲ್ಲಿನಲ್ಲಿ, ಮಣ್ಣಿನಲ್ಲಿ, ಓಲೆಯಲ್ಲಿ, ಬಾಯಿಮಾತಿನಲ್ಲಿ ಹೇಗೆ ಬಿದ್ದಿತ್ತು, ಅದನ್ನು ಎತ್ತಿಕೊಂಡವರು ಯಾರು ಎಂಬುದನ್ನು ನೋಡಿದರೆ ಇಂದಿನ ಪ್ರಶ್ನೆಗೂ ಬೆಳಕು ದೊರೆಯಬಹುದು.

ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಎಂಬ ಬೆಟ್ಟವಿದೆ. ಅದರ ಬುಡದ ಒಂದು ದೊಡ್ಡ ಬಂಡೆಗೆ ಜನರು ಇಟ್ಟ ಹೆಸರು ಅಕ್ಷರಗುಂಡು. ಬಂಡೆಯ ಮೇಲೆ ಅಕ್ಷರಗಳಿದ್ದವು, ಆದ್ದರಿಂದ ಆ ಹೆಸರು. ಆ ಅಕ್ಷರಗಳು ಏನು ಹೇಳುತ್ತವೆ ಎಂದು ಸಾವಿರಕ್ಕೂ ಹೆಚ್ಚು ವರ್ಷ ಯಾರಿಗೂ ತಿಳಿದಿರಲಿಲ್ಲ. ಆ ಕಲ್ಲಿಗೆ ಔಷಧದ ಗುಣವಿದೆ ಎಂದು ಸುತ್ತಲಿನ ಜನ ನಂಬಿದ್ದರೆಂದು ಆ ಕಾಲದ ಬರಹಗಳು ತಿಳಿಸುತ್ತವೆ. ಹತ್ತಿರದ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಇಂಥದೇ ಇನ್ನೊಂದು ಶಾಸನವಿದೆ. ಅಲ್ಲಿ ಜಾತ್ರೆಯ ಕಾಲದಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದರಿಂದ ಆ ಬಂಡೆ ಬಳೆಗಾರರ ಗುಂಡು ಎನಿಸಿಕೊಂಡಿತು. ಅಕ್ಷರಗಳು ತುಳಿತಕ್ಕೆ ಸಿಕ್ಕಿ ಬಹಳಮಟ್ಟಿಗೆ ಸವೆದುಹೋದವು.

1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಈ ಬರಹಗಳನ್ನು ಕಂಡು ಇವು ಅಶೋಕನ ಶಾಸನಗಳು ಎಂದು ಲೋಕಕ್ಕೆ ತಿಳಿಸಿದರು. ಅವರಿಗೆ ಅದು ಸಾಧ್ಯವಾದದ್ದು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಗುಟ್ಟನ್ನು ಬಿಡಿಸಿದ್ದರಿಂದ. ಸುವರ್ಣಗಿರಿಯ ರಾಜಪುತ್ರನೂ ಅಧಿಕಾರಿಗಳೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ತಾಯಿತಂದೆಯರ ಮಾತನ್ನು ನಡೆಸಬೇಕು, ಸತ್ಯವನ್ನು ಹೇಳಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಬುದ್ಧಿಮಾತು ಅದರಲ್ಲಿದೆ. ಎಲ್ಲರಿಗೂ ತಿಳಿಯಲೆಂದೇ ಬಯಲಿನಲ್ಲಿ ಬರೆಸಿದ ಮಾತು ಯಾರಿಗೂ ತಿಳಿಯದೆ ಬಯಲಿನಲ್ಲೇ ಉಳಿದಿತ್ತು. ಜ್ಞಾನವು ಕಣ್ಣೆದುರಿಗೆ ಇದ್ದ ಮಾತ್ರಕ್ಕೆ ನಮ್ಮದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಹಿಂದಿನ ಕಾಲದಲ್ಲಿ ಎಲ್ಲರಿಗೂ ಜಿಜ್ಞಾಸೆ ಇತ್ತು, ಈಗ ಇಲ್ಲ ಎಂದು ಹೇಳುವವರು ಅಕ್ಷರಗುಂಡನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಆ ಶಾಸನದ ಕೊನೆಯಲ್ಲಿ ಒಂದು ಸಣ್ಣ ಸಂಗತಿಯಿದೆ. ಬರೆದವನ ಹೆಸರು ಚಪಡ. ತಾನು ಲಿಪಿಕಾರನೆಂದು ಹೇಳುವ ಆ ಒಂದು ಮಾತನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ. ಅದು ಬಳಕೆಯಲ್ಲಿದ್ದುದು ಗಾಂಧಾರದ ಕಡೆ, ವಾಯವ್ಯ ಗಡಿಯಲ್ಲಿ. ಅಷ್ಟು ದೂರದ ಲಿಪಿಯನ್ನು ಬಲ್ಲ ಮನುಷ್ಯ ಈ ಕಲ್ಲುಗುಡ್ಡಗಳ ನಾಡಿಗೆ ಏಕೆ ಬಂದ? ಇಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ತನ್ನ ಊರಿನ ನೆನಪೆ, ತನ್ನ ವಿದ್ಯೆಯ ಹೆಮ್ಮೆಯೆ, ಅಥವಾ ಮುಂದೆ ಬರುವ ಯಾರಾದರೊಬ್ಬ ಗುರುತು ಹಿಡಿಯಲಿ ಎಂಬ ಆಸೆಯೆ? ಇಂದು ಮೊಬೈಲಿನಲ್ಲಿ ಚಪಡನ ಹೆಸರನ್ನು ಹುಡುಕಿದರೆ ಅವನು ಯಾವ ಲಿಪಿಯಲ್ಲಿ ಬರೆದ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಏಕೆ ಬರೆದ ಎಂಬುದು ತಿಳಿಯುವುದಿಲ್ಲ. ನಾನು ಜಿಜ್ಞಾಸೆ ಎನ್ನುವುದು ಈ ಎರಡನೆಯ ಪ್ರಶ್ನೆಯನ್ನು. ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆಯೇ ಅದು ಹುಟ್ಟಬೇಕು.

ಚಿತ್ರದುರ್ಗದ ಊರಿಗೇ ಹೊಂದಿಕೊಂಡಿರುವ ಚಂದ್ರವಳ್ಳಿಯ ಕಥೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಬೆಟ್ಟಗಳ ನಡುವಿನ ಆ ಕಣಿವೆ ಈಗ ವಿಹಾರಕ್ಕೆ ಹೆಸರಾದ ಜಾಗ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಅಲ್ಲಿ ಅಗೆತ ನಡೆಸಿದರು. ನೆಲದಡಿಯಿಂದ ಶಾತವಾಹನರ ಸೀಸದ ನಾಣ್ಯಗಳೂ ರೋಮ್ ಸಾಮ್ರಾಜ್ಯದ ಬೆಳ್ಳಿಯ ನಾಣ್ಯಗಳೂ ದೊರೆತವು. ಎರಡು ಸಾವಿರ ವರ್ಷದ ಹಿಂದೆ ಈ ಕಣಿವೆಗೆ ಕಡಲಾಚೆಯ ವ್ಯಾಪಾರದ ಸಂಪರ್ಕವಿತ್ತು ಎಂದು ಆಗ ತಿಳಿಯಿತು. ಅಲ್ಲಿಯ ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಒಂದು ಪುಟ್ಟ ಪ್ರಾಕೃತ ಶಾಸನವನ್ನೂ ಕೃಷ್ಣ ಅವರು ಬೆಳಕಿಗೆ ತಂದರು. ಮಯೂರಶರ್ಮನೆಂದರೆ ವಿದ್ಯೆಯನ್ನು ಅರಸಿ ಕಂಚಿಯ ಘಟಿಕೆಗೆ ಹೋಗಿ, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಗಿ ಅವಮಾನಗೊಂಡು, ದರ್ಭೆಯನ್ನು ಬಿಟ್ಟು ಖಡ್ಗವನ್ನು ಹಿಡಿದವನೆಂದು ತಾಳಗುಂದದ ಶಾಸನ ಹೇಳುವ ಅದೇ ರಾಜ. ಚಂದ್ರವಳ್ಳಿಯ ಬರಹದಲ್ಲಿ ಅವನು ಕೆರೆಯನ್ನು ಕಟ್ಟಿಸಿದ ವಿಷಯವೂ, ತ್ರೈಕೂಟ, ಆಭೀರ, ಪಲ್ಲವ ಮುಂತಾದ ರಾಜ್ಯಗಳ ಹೆಸರೂ ಇವೆ ಎಂದು ಕೃಷ್ಣ ಅವರು ಓದಿದರು.

ಇಲ್ಲಿಗೆ ಮೊದಲನೆಯ ಉತ್ತರ ದೊರೆಯಿತು. ಪಠ್ಯಪುಸ್ತಕಕ್ಕೆ ಅಷ್ಟು ಸಾಕಾಗಿತ್ತು. ಆದರೆ ವಿದ್ವಾಂಸರು ಅಷ್ಟಕ್ಕೆ ಬಿಡಲಿಲ್ಲ. ಆ ಕಾಲದ ಒಬ್ಬ ಹೊಸ ರಾಜ ಅಷ್ಟು ದೂರದ ರಾಜ್ಯಗಳನ್ನೆಲ್ಲ ಗೆದ್ದಿರಲು ಸಾಧ್ಯವೆ ಎಂಬ ಸಂಶಯ ಹುಟ್ಟಿತು. ಸವೆದ ಅಕ್ಷರಗಳನ್ನು ಕೃಷ್ಣ ಅವರು ಓದಿದಂತೆಯೇ ಓದಬೇಕೆ ಎಂದು ಅನಂತರದವರು ಕೇಳಿದರು. ಕೆಲವರು ಅವರ ಪಾಠವನ್ನು ಒಪ್ಪಿದರು, ಕೆಲವರು ಶಂಕಿಸಿದರು, ಮತ್ತೆ ಬಂಡೆಯನ್ನೇ ಪರೀಕ್ಷಿಸಿ ಚರ್ಚೆ ನಡೆಸಿದರು. ಇದರಿಂದ ಕೃಷ್ಣ ಅವರ ಗೌರವಕ್ಕೆ ಯಾವ ಕುಂದೂ ಬರಲಿಲ್ಲ. ಒಬ್ಬರು ಶ್ರಮಪಟ್ಟು ಕೊಟ್ಟ ಉತ್ತರವನ್ನು ಇನ್ನೊಬ್ಬರು ಅಷ್ಟೇ ಶ್ರಮಪಟ್ಟು ಪ್ರಶ್ನಿಸುವುದು ವಿದ್ಯೆಯ ಲೋಕದಲ್ಲಿ ಸಲ್ಲಿಸಬಹುದಾದ ದೊಡ್ಡ ಮರ್ಯಾದೆ.

1947ರಲ್ಲಿ ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ, ಚಂದ್ರವಳ್ಳಿಗಳೆರಡರಲ್ಲೂ ಮತ್ತೆ ಅಗೆತ ಮಾಡಿಸಿದರು. ಕೃಷ್ಣ ಅವರು ಈ ಎರಡು ನೆಲೆಗಳನ್ನೂ ಮೊದಲೇ ಅಗೆದಿದ್ದರು. ಅಗೆದ ನೆಲವನ್ನು ಮತ್ತೆ ಅಗೆಯುವುದೇಕೆ ಎಂದು ಯಾರಾದರೂ ಕೇಳಬಹುದಿತ್ತು. ವೀಲರ್ ಅವರ ಮನಸ್ಸಿನಲ್ಲಿದ್ದುದು ಬೇರೊಂದು ಪ್ರಶ್ನೆ. ದಕ್ಷಿಣದ ಬೆಟ್ಟಗುಡ್ಡಗಳಲ್ಲಿ ಎಲ್ಲೆಲ್ಲಿಯೂ ಕಾಣುವ ಕಲ್ಲುಗೋರಿಗಳಿಗೆ, ಅವುಗಳಲ್ಲಿ ದೊರೆಯುವ ಕಪ್ಪು ಕೆಂಪು ಮಡಕೆಗಳಿಗೆ ಕಾಲವನ್ನು ನಿಶ್ಚಯಿಸುವುದು ಹೇಗೆ? ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ 1945ರಲ್ಲಿ ಅವರಿಗೆ ರೋಮಿನ ಪಾತ್ರೆಗಳ ಜೊತೆಯಲ್ಲಿ ಸಾಲುಸಾಲಾದ ಚುಕ್ಕೆಗಳ ಅಲಂಕಾರವುಳ್ಳ ಒಂದು ಬಗೆಯ ಮಡಕೆಯ ಚೂರುಗಳು ದೊರೆತಿದ್ದವು. ರೋಮಿನ ಪಾತ್ರೆಯ ಕಾಲ ಗೊತ್ತು, ಆದ್ದರಿಂದ ಅದರ ಜೊತೆಗಿದ್ದ ಚೂರಿನ ಕಾಲವೂ ಗೊತ್ತಾಯಿತು. ಅಂಥದೇ ಚೂರು ಬ್ರಹ್ಮಗಿರಿಯ ಮಣ್ಣಿನ ಪದರದಲ್ಲಿ ಕಂಡರೆ ಆ ಪದರದ ಕಾಲ ಗೊತ್ತಾಗುತ್ತದೆ. ಅದರ ಕೆಳಗಿನ ಪದರ ಅದಕ್ಕಿಂತ ಹಳೆಯದು. ಹೀಗೆ ಒಂದು ಮಡಕೆಯ ಚೂರಿನ ಮೇಲೆ ದಕ್ಷಿಣ ಭಾರತದ ಪ್ರಾಚೀನ ಚರಿತ್ರೆಯ ಕಾಲಾನುಕ್ರಮ ನಿಂತಿತು. ಮುಂದಿನವರು ವೀಲರ್ ಅವರ ಲೆಕ್ಕವನ್ನೂ ತಿದ್ದಿ, ಕೆಳಗಿನ ಪದರಗಳು ಅವರು ಎಣಿಸಿದ್ದಕ್ಕಿಂತ ಬಹಳ ಹಿಂದಿನವು ಎಂದು ತೋರಿಸಿದರು. ಆ ಚೂರು ಎಲ್ಲರ ಕಾಲಿಗೂ ತೊಡರುವಂಥದು. ಅದನ್ನು ಎತ್ತಿಕೊಂಡು ಕೇಳಿದ ಪ್ರಶ್ನೆ ಮಾತ್ರ ಕೆಲವರದು.

ಇವರೆಲ್ಲ ಸರ್ಕಾರದ ಬೆಂಬಲವಿದ್ದವರು. ಅಂಥ ಅನುಕೂಲವಿಲ್ಲದೆ ಊರಿನ ಚರಿತ್ರೆಯನ್ನು ಹುಡುಕಿದವರೂ ಇಲ್ಲಿ ಆಗಿಹೋಗಿದ್ದಾರೆ. ಎಂ. ಎಸ್. ಪುಟ್ಟಣ್ಣನವರು ಚಿತ್ರದುರ್ಗದ ಪಾಳೆಯಗಾರರ ಮೇಲೆ ಪುಸ್ತಕ ಬರೆದರು. ಹುಲ್ಲೂರು ಶ್ರೀನಿವಾಸ ಜೋಯಿಸರು ಓಲೆ, ಕಡತ, ಶಾಸನಗಳನ್ನು ಹುಡುಕುವುದಕ್ಕೆ ತಮ್ಮ ಬಾಳಿನ ದೊಡ್ಡ ಪಾಲನ್ನು ಮುಡಿಪಾಗಿಟ್ಟರು. ಅದೇ ಜಿಲ್ಲೆಯ ತಳುಕಿನ ಮನೆತನದ ತ. ರಾ. ಸುಬ್ಬರಾಯರು ಆ ಚರಿತ್ರೆಯನ್ನು ಕಾದಂಬರಿಗಳ ಮಾಲೆಯನ್ನಾಗಿ ಮಾಡಿದರು. 1982ರಲ್ಲಿ ಪ್ರಕಟವಾದ ಅವರ 'ದುರ್ಗಾಸ್ತಮಾನ'ಕ್ಕೆ ಅವರು ತೀರಿಕೊಂಡ ಮೇಲೆ, 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 1779ರಲ್ಲಿ ಹೈದರಾಲಿಯ ವಶವಾದ ದುರ್ಗದ ಪತನವನ್ನು ಕನ್ನಡದ ಓದುಗ ಕಣ್ಣಾರೆ ಕಂಡವನಂತೆ ಇಂದು ನೆನೆಯುತ್ತಾನಾದರೆ ಅದರ ಹಿಂದೆ ಇಂಥವರ ದುಡಿಮೆಯಿದೆ. ಆದರೆ ಇವರ ಸಂಖ್ಯೆ ಎಂದೂ ದೊಡ್ಡದಾಗಿರಲಿಲ್ಲ. ಜಿಜ್ಞಾಸುಗಳು ಎಲ್ಲ ಕಾಲದಲ್ಲಿಯೂ ಕೆಲವರೇ.

ಹಾಗಾದರೆ ಅಂತರಜಾಲದಿಂದ ಏನೂ ಬದಲಾಗಿಲ್ಲವೆ? ಬದಲಾಗಿದೆ. ಮೊದಲು ಲಾಭದ ಕಡೆಯನ್ನು ಹೇಳುತ್ತೇನೆ. ರೈಸ್ ಅವರು ಒಂಬತ್ತು ಸಾವಿರದ ಹತ್ತಿರ ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯ ಕರ್ನಾಟಿಕ' ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. ಅದರ ಹನ್ನೊಂದನೆಯ ಸಂಪುಟ, 1903ರದು, ಚಿತ್ರದುರ್ಗ ಜಿಲ್ಲೆಗೆ ಮೀಸಲು. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ ಎಂದು ತಾಲ್ಲೂಕುವಾರು ಅದರಲ್ಲಿ ಶಾಸನಗಳನ್ನು ಜೋಡಿಸಿದೆ. ಒಂದು ಕಾಲದಲ್ಲಿ ಆ ಸಂಪುಟವನ್ನು ನೋಡಬೇಕಾದರೆ ಮೈಸೂರಿನ ಅಥವಾ ಬೆಂಗಳೂರಿನ ದೊಡ್ಡ ಗ್ರಂಥಾಲಯಕ್ಕೆ ಹೋಗಿ, ಪರಿಚಯದ ಚೀಟಿ ಕೊಟ್ಟು, ಕಾಯ್ದು ಕುಳಿತುಕೊಳ್ಳಬೇಕಾಗಿತ್ತು. ಈಗ ಹೊಸದುರ್ಗದ ಬಸ್ ನಿಲ್ದಾಣದಲ್ಲಿ ನಿಂತ ವಿದ್ಯಾರ್ಥಿನಿ ತನ್ನ ಮೊಬೈಲಿನಲ್ಲಿ ಅದರ ಪುಟಗಳನ್ನು ತೆರೆಯಬಲ್ಲಳು. ತನ್ನ ಊರಿನ ಗುಡಿಯ ಮುಂದಿನ ಕಲ್ಲಿನಲ್ಲಿ ಏನಿದೆ ಎಂದು ನೋಡಬಲ್ಲಳು. ಇದು ಸಾಮಾನ್ಯ ಸಂಗತಿಯಲ್ಲ. ದೂರ, ಜಾತಿ, ಹಣ, ಪರಿಚಯ ಎಂಬ ನಾಲ್ಕು ಬಾಗಿಲುಗಳ ಆಚೆಗಿದ್ದ ವಿದ್ಯೆ ಇಂದು ಅಂಗೈಗೆ ಬಂದಿದೆ. ಹಳೆಯದನ್ನು ಹೊಗಳುವಾಗ ಆ ಬಾಗಿಲುಗಳ ಹೊರಗೆ ನಿಂತವರನ್ನು ಮರೆಯಬಾರದು.

ಇನ್ನು ನಷ್ಟದ ಕಡೆ. ದುರ್ಗದ ಕೋಟೆಗೆ ಬಂದವರೆಲ್ಲ ಒನಕೆಯ ಕಿಂಡಿಯನ್ನು ನೋಡುತ್ತಾರೆ. ಹೈದರನ ಸೈನಿಕರು ಆ ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳುತ್ತಿರಲು ಕಹಳೆಯವನ ಹೆಂಡತಿ ಓಬವ್ವ ಒನಕೆಯಿಂದ ಅವರನ್ನು ಬಡಿದಳೆಂಬ ಕಥೆ ಕನ್ನಡಿಗರಿಗೆಲ್ಲ ಗೊತ್ತು. ದುರ್ಗದ ಜನರ ನೆನಪಿನಲ್ಲಿ ಉಳಿದು ಬಂದ ಕಥೆ ಬರಹಕ್ಕೆ ಇಳಿಯಿತು, 1972ರ 'ನಾಗರಹಾವು' ಚಿತ್ರದಲ್ಲಿ ನಟಿ ಜಯಂತಿಯವರ ಅಭಿನಯದಿಂದ ನಾಡಿನ ಮನೆಮನೆಗೂ ಹೋಯಿತು. 2021ರಿಂದ ನವೆಂಬರ್ 11ನ್ನು ಓಬವ್ವನ ಜಯಂತಿಯೆಂದು ರಾಜ್ಯ ಸರ್ಕಾರ ಆಚರಿಸುತ್ತ ಬಂದಿದೆ. ಓಬವ್ವನಿಗೆ ಈ ಗೌರವ ಸಲ್ಲತಕ್ಕದ್ದೇ. ಅರಸರ ಹೆಸರುಗಳಿಂದಲೇ ತುಂಬಿದ ಕೋಟೆಯ ಚರಿತ್ರೆಯಲ್ಲಿ ಒಬ್ಬ ಕಾವಲುಗಾರನ ಹೆಂಡತಿಯ ಹೆಸರನ್ನು ಜನ ಇಷ್ಟು ಕಾಲ ಕಾಪಾಡಿಕೊಂಡು ಬಂದರಲ್ಲ, ಅದು ಹೆಮ್ಮೆಯ ವಿಷಯ.

ನಾನು ಹೇಳುವುದು ಬೇರೆ. ಅಂತರಜಾಲದಲ್ಲಿ ಓಬವ್ವನ ವಿಷಯವಾಗಿ ಹುಡುಕಿದರೆ ಜನರ ನೆನಪು ಯಾವುದು, ಕಾದಂಬರಿ ಯಾವುದು, ಸಿನಿಮಾ ಯಾವುದು, ದಾಖಲೆ ಯಾವುದು ಎಂಬ ಗೆರೆಗಳೆಲ್ಲ ಅಳಿಸಿಹೋಗಿ, ಎಲ್ಲವೂ ಒಂದೇ ಬಣ್ಣದ ಅಕ್ಷರಗಳಲ್ಲಿ, ಒಂದೇ ನಿಶ್ಚಯದ ಧ್ವನಿಯಲ್ಲಿ ಬರುತ್ತವೆ. ಒಂದು ಕಡೆ ಬರೆದದ್ದನ್ನು ಹತ್ತು ಕಡೆ ನಕಲು ಮಾಡಿದರೆ ಅದು ಹತ್ತು ಸಾಕ್ಷಿಗಳಂತೆ ತೋರುತ್ತದೆ. ಹಳೆಯ ಪುಸ್ತಕದಲ್ಲಿ ಗ್ರಂಥಕರ್ತನ ಹೆಸರಿತ್ತು, ಅಚ್ಚಾದ ವರ್ಷವಿತ್ತು, ಅವನು ಎಲ್ಲಿಂದ ತಿಳಿದ ಎಂಬ ಮಾತು ಮುನ್ನುಡಿಯಲ್ಲಾದರೂ ಇರುತ್ತಿತ್ತು. ಊರಿನ ಅಜ್ಜಿ ಹೇಳಿದರೂ 'ನಮ್ಮತ್ತೆ ಹೇಳ್ತಿದ್ರು' ಎಂದು ಸೇರಿಸುತ್ತಿದ್ದಳು. ಹೇಳಿದವರು ಯಾರೆಂದು ತಿಳಿದಲ್ಲಿ ಎರಡನೆಯ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಹೇಳಿದವರೇ ಕಾಣದಿದ್ದಲ್ಲಿ ಯಾರನ್ನು ಕೇಳುವುದು?

ಆದರೂ ಎಳೆಯರ ವಿಷಯದಲ್ಲಿ ನಾನು ನಿರಾಶನಾಗಿಲ್ಲ. ಕೆಲವು ವರ್ಷಗಳ ಹಿಂದೆ ಕಾಲೇಜಿನ ವಿದ್ಯಾರ್ಥಿಗಳ ಒಂದು ಗುಂಪಿನೊಡನೆ ಕೋಟೆಯನ್ನು ಹತ್ತಿದ್ದೆ. ಒಬ್ಬ ಹುಡುಗಿ ಮೊಬೈಲಿನಲ್ಲಿ ನಾಲ್ಕು ಬರಹಗಳನ್ನು ತೆರೆದು ಒಂದರ ಪಕ್ಕದಲ್ಲಿ ಒಂದನ್ನು ಓದುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಬಳಿ ಬಂದು, "ಸಾರ್, ನಾಲ್ಕರಲ್ಲೂ ಒಂದೇ ಕಡೆ ಒಂದೇ ಅಕ್ಷರ ತಪ್ಪಿದೆ. ಇವೆಲ್ಲ ಒಬ್ಬರೇ ಬರೆದದ್ದನ್ನು ನೋಡಿ ಬರೆದಿರೋದು. ಮೊದಲು ಬರೆದೋರಿಗೆ ಯಾರು ಹೇಳಿದ್ರು?" ಎಂದು ಕೇಳಿದಳು. ಹಸ್ತಪ್ರತಿಗಳ ಸಂಪಾದಕರು ಪ್ರತಿಗಳ ವಂಶವೃಕ್ಷವನ್ನು ನಿರ್ಣಯಿಸುವುದು ಇದೇ ಉಪಾಯದಿಂದ. ಒಂದೇ ತಪ್ಪು ಎರಡು ಓಲೆಗಳಲ್ಲಿದ್ದರೆ ಅವೆರಡಕ್ಕೂ ಮೂಲ ಒಂದೇ ಎಂದು ಅವರು ಊಹಿಸುತ್ತಾರೆ. ಆ ಶಾಸ್ತ್ರದ ಹೆಸರನ್ನೂ ಕೇಳಿರದ ಹುಡುಗಿ ಮೊಬೈಲಿನ ಗಾಜಿನ ಮೇಲೆ ಅದನ್ನು ತಾನೇ ಕಂಡುಕೊಂಡಿದ್ದಳು. ಯಂತ್ರ ಅವಳ ಜಿಜ್ಞಾಸೆಯನ್ನು ಕೊಂದಿರಲಿಲ್ಲ. ಆದರೆ ಅವಳ ಜೊತೆಯಲ್ಲಿದ್ದ ಉಳಿದವರು ಚಿತ್ರ ತೆಗೆದುಕೊಂಡು ಮುಂದಕ್ಕೆ ಹೋಗಿದ್ದರು ಎಂಬುದನ್ನೂ ಹೇಳಬೇಕು.

ಹಿರಿಯೂರಿನ ಒಂದು ಉದಾಹರಣೆಯನ್ನು ಕೊಡುತ್ತೇನೆ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ 1898ರಲ್ಲಿ ಕಟ್ಟಲು ಆರಂಭಿಸಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ತುಂಬಿ ಕೋಡಿಬಿದ್ದಿತು. ಮತ್ತೆ ಕೋಡಿಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆ ಸೆಪ್ಟೆಂಬರಿನಲ್ಲಿ ಕೋಡಿಯ ನೀರನ್ನು ನೋಡಲು ಜನ ಸಾಗರದಂತೆ ಬಂದರು, ಸಾವಿರಾರು ಮೊಬೈಲುಗಳು ಅದನ್ನು ಚಿತ್ರಿಸಿದವು. ಇದು ಸಹಜವಾದ ಸಂಭ್ರಮ. ಮೂರು ತಲೆಮಾರು ಕಾಣದ ದೃಶ್ಯವನ್ನು ನೋಡದೆ ಇರುವುದು ಹೇಗೆ? ಆದರೆ ಆ ಚಿತ್ರದ ಹಿಂದೆ ಎಷ್ಟು ಪ್ರಶ್ನೆಗಳಿವೆ! 89 ವರ್ಷ ಅದು ಏಕೆ ತುಂಬಲಿಲ್ಲ? ಮಳೆ ಕಡಮೆಯಾಯಿತೆ, ಮೇಲಿನ ಸೀಮೆಯ ಕೆರೆಕಟ್ಟೆಗಳೂ ಕೊಳವೆಬಾವಿಗಳೂ ನೀರನ್ನು ತಡೆದುವೆ? ಈಚಿನ ವರ್ಷಗಳಲ್ಲಿ ಭದ್ರಾ ಮೇಲ್ದಂಡೆ ಯೋಜನೆಯಿಂದ ಬರತೊಡಗಿದ ನೀರಿನ ಪಾಲೆಷ್ಟು, ಆ ವರ್ಷದ ಮಳೆಯ ಪಾಲೆಷ್ಟು? 2025ರಲ್ಲಿ ಅದು ಮತ್ತೆ ಕೋಡಿಬಿದ್ದಾಗ ಇದೇ ಪ್ರಶ್ನೆಗಳು ಇನ್ನೊಮ್ಮೆ ಎದುರಿಗೆ ಬಂದವು. ಈ ಪ್ರಶ್ನೆಗಳು ಬರಿಯ ಪಂಡಿತರವಲ್ಲ. ತೆಂಗಿನ ತೋಟ ಒಣಗಿಹೋಗಿ ಊರು ಬಿಟ್ಟ ರೈತನ ಮನೆಯ ಪ್ರಶ್ನೆಗಳು. ನೋಡುವ ಆಸೆ ತೀರಿದ ಕ್ಷಣದಲ್ಲಿ ಕೇಳುವ ಆಸೆಯೂ ತೀರಿಹೋದರೆ ನಷ್ಟ ಆ ರೈತನಿಗೆ.

ಇದರಿಂದ ನನಗೆ ತೋರುವುದು ಇಷ್ಟು. ಅಂತರಜಾಲ ಕುತೂಹಲವನ್ನು ಹೆಚ್ಚಿಸಿದೆ, ಅದಕ್ಕೆ ಬಿಡುವಿಲ್ಲದಂತೆ ಮಾಡಿದೆ. ಒಂದು ಸಂಗತಿಯ ಮೇಲೆ ಮನಸ್ಸು ನೆಲೆಸುವುದರೊಳಗಾಗಿ ಇನ್ನೊಂದು ಬಂದು ನಿಲ್ಲುತ್ತದೆ. ಬಿಡುವಿಲ್ಲದ ಕುತೂಹಲ ಜಿಜ್ಞಾಸೆಯಾಗಿ ಮಾಗುವುದಿಲ್ಲ. ಗ್ರಂಥಾಲಯದಲ್ಲಿ ಪುಸ್ತಕಕ್ಕಾಗಿ ಕಾಯ್ದ ಹೊತ್ತು ವ್ಯರ್ಥವೆಂದು ನಾವು ತಿಳಿದಿದ್ದೆವು. ಪ್ರಶ್ನೆ ಬೆಳೆಯುತ್ತಿದ್ದುದು ಪ್ರಾಯಶಃ ಆ ಹೊತ್ತಿನಲ್ಲಿ. ಈಗ ಉತ್ತರ ಮೊದಲೇ ಬಂದುಬಿಡುತ್ತದೆ, ಪ್ರಶ್ನೆ ಬೆಳೆಯುವುದಕ್ಕೆ ಅವಕಾಶವೇ ದೊರೆಯುವುದಿಲ್ಲ. ಆದ್ದರಿಂದ ಹಿಂದೆ ದೂರವೂ ಬಡತನವೂ ತಾವಾಗಿಯೇ ಒದಗಿಸುತ್ತಿದ್ದ ಆ ಬಿಡುವನ್ನು ಈಗ ನಾವು ತಿಳಿದು ಏರ್ಪಡಿಸಿಕೊಳ್ಳಬೇಕಾಗಿದೆ.

ಇದಕ್ಕೆ ಬೇಕಾದದ್ದು ಜೊತೆ. ಜಿಜ್ಞಾಸೆ ಒಬ್ಬರಿಂದೊಬ್ಬರಿಗೆ ಅಂಟುವ ಗುಣ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರು 1943ರಲ್ಲಿ ಅನಾಥಸೇವಾಶ್ರಮವನ್ನು ಕಟ್ಟಿ ಯೋಗ, ಆಯುರ್ವೇದ, ಶಾಲೆ, ನಾಟಕಗಳನ್ನು ಒಂದೇ ಅಂಗಳದಲ್ಲಿ ಬೆಳೆಸಿದರು. 'ತಿರುಕ' ಎಂಬ ಹೆಸರಿನಲ್ಲಿ ತಾವೇ ಬರೆದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ 'ಶಿವಸಂಚಾರ' ಎಂಬ ನಾಟಕ ತಂಡವನ್ನು ಆರಂಭಿಸಿದರು. ಆ ತಂಡ ಹೊಸ ನಾಟಕಗಳನ್ನು ಹೊತ್ತು ವರ್ಷವರ್ಷವೂ ನಾಡನ್ನು ಸುತ್ತುತ್ತದೆ. 2019ರ ಆಗಸ್ಟಿನಲ್ಲಿ ಅವರು 'ಮತ್ತೆ ಕಲ್ಯಾಣ' ಎಂದು ಜಿಲ್ಲೆಯಿಂದ ಜಿಲ್ಲೆಗೆ ಹೋದಾಗ ನಾಟಕ, ಉಪನ್ಯಾಸಗಳ ಜೊತೆಗೆ ವಿದ್ಯಾರ್ಥಿಗಳೊಡನೆ ಸಂವಾದವನ್ನೂ ಏರ್ಪಡಿಸಿದ್ದರು. ಪ್ರಶ್ನೆ ಕೇಳುವ ಹುಡುಗನನ್ನು ಹತ್ತು ಜನ ನೋಡುತ್ತಾರೆ, ಅವನ ಪ್ರಶ್ನೆಯಿಂದ ಇನ್ನೊಬ್ಬನಿಗೆ ಪ್ರಶ್ನೆ ಹುಟ್ಟುತ್ತದೆ. ಮೊಬೈಲಿನೊಳಗೆ ಒಬ್ಬನೇ ಕೇಳಿದ ಪ್ರಶ್ನೆ ಅವನೊಡನೆಯೇ ಆರಿಹೋಗುತ್ತದೆ. ಈ ಎರಡು ಹಳ್ಳಿಗಳೂ ದೊಡ್ಡ ವಿದ್ಯಾಪೀಠಗಳಿಂದ ದೂರದಲ್ಲಿವೆ. ಆದರೂ ಅಲ್ಲಿ ಜನ ಸೇರಿ ಕೂತು ನೋಡುವ, ನೋಡಿದ ಮೇಲೆ ಮಾತಾಡುವ ಪದ್ಧತಿ ಬೆಳೆಯಿತು.

ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಬಂದದ್ದು 1965ರಲ್ಲಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಎಂದು ಹೆಸರಿಟ್ಟಿದ್ದಾರೆ. ಇದು ಒಳ್ಳೆಯ ಹೆಸರು. ಮಾಹಿತಿ ಎಂಬುದು ಹೊರಗಿನಿಂದ ಬರುವಂಥದು, ಅರಿವು ಒಳಗಿನಿಂದ ಮೂಡುವಂಥದು. ಆದರೆ ಹೆಸರಿಗೆ ತಕ್ಕ ಕೆಲಸ ಆಗಬೇಕಾದರೆ ಪುಸ್ತಕ ಮತ್ತು ಕಂಪ್ಯೂಟರು ಇದ್ದರೆ ಸಾಲದು. ವಾರಕ್ಕೊಂದು ಸಂಜೆ ಊರಿನ ನಾಲ್ಕು ಮಕ್ಕಳನ್ನು ಸೇರಿಸಿ, 'ನಮ್ಮ ಊರಿನ ಕೆರೆಯನ್ನು ಕಟ್ಟಿಸಿದವರು ಯಾರು? ಅದು ನಮಗೆ ಹೇಗೆ ಗೊತ್ತು?' ಎಂದು ಕೇಳುವ ಒಬ್ಬ ಹಿರಿಯರು ಬೇಕು. ಮಕ್ಕಳು ಮೊಬೈಲನ್ನು ಧಾರಾಳವಾಗಿ ನೋಡಲಿ. ನೋಡಿದ ಮೇಲೆ ಕೆರೆಯ ಏರಿಗೆ ಹೋಗಿ ತೂಬಿನ ಬಳಿಯ ಕಲ್ಲನ್ನೂ ನೋಡಲಿ. ಎರಡೂ ಒಂದೇ ಮಾತನ್ನು ಹೇಳುತ್ತವೆಯೆ ಎಂದು ಹೋಲಿಸಲಿ. ಹೋಲಿಸಿದಾಗ ಹೊಂದದೆ ಉಳಿಯುವ ಅಂಶದಲ್ಲಿಯೇ ಚರಿತ್ರೆಯ ಕೆಲಸ ಆರಂಭವಾಗುತ್ತದೆ.

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಲ್ಲುಗಳು ಕಾಯುವುದಿಲ್ಲ. ರಸ್ತೆ ಅಗಲವಾಗುತ್ತದೆ, ಹೊಲ ಮಟ್ಟವಾಗುತ್ತದೆ, ಗುಡಿಗೆ ಹೊಸ ಬಣ್ಣ ಬೀಳುತ್ತದೆ. ವೀರಗಲ್ಲು ಬಟ್ಟೆ ಒಗೆಯುವ ಹಾಸುಗಲ್ಲಾಗುತ್ತದೆ. ಅಟ್ಟದ ಮೇಲಿನ ಕಡತ ಹಳೆಯ ಕಾಗದದ ಜೊತೆಗೆ ತೂಕಕ್ಕೆ ಹೋಗುತ್ತದೆ. ಅಂತರಜಾಲದಲ್ಲಿ ಇರುವುದು ಈಗಾಗಲೇ ಯಾರೋ ಕೇಳಿ, ಹುಡುಕಿ, ಬರೆದಿಟ್ಟದ್ದು ಮಾತ್ರ. ಯಾರೂ ಕೇಳದೆ ಇರುವುದು ಅಲ್ಲಿ ಇಲ್ಲ. ಅಲ್ಲಿ ಇಲ್ಲವೆಂದು ಅದು ಲೋಕದಲ್ಲೇ ಇಲ್ಲವೆಂದು ನಮ್ಮ ಮಕ್ಕಳು ತಿಳಿದುಕೊಂಡರೆ, ಉಳಿದಿರುವ ಕಲ್ಲನ್ನೂ ಕಡತವನ್ನೂ ಕಾಪಾಡುವ ಕಾರಣವೇ ಯಾರಿಗೂ ಕಾಣದೆ ಹೋಗುತ್ತದೆ.

ಅಕ್ಷರಗುಂಡಿನ ಕಾಲದಲ್ಲಿ ಅಕ್ಷರ ಕಣ್ಣೆದುರಿಗಿದ್ದು ಓದುವ ಶಕ್ತಿ ಇರಲಿಲ್ಲ. ಜನ ಅದನ್ನು ಪೂಜ್ಯಭಾವದಿಂದ ನೋಡಿ ಸುಮ್ಮನಾದರು. ಇಂದು ಓದುವ ಶಕ್ತಿಯಿದೆ, ಲೋಕದ ಅಕ್ಷರಗಳೆಲ್ಲ ಅಂಗೈಯಲ್ಲಿವೆ. ಈಗಲೂ ನೋಡಿ ಸುಮ್ಮನಾದರೆ ನಮ್ಮ ಕೈಯಲ್ಲಿರುವುದೂ ಇನ್ನೊಂದು ಅಕ್ಷರಗುಂಡೇ ಆಗುತ್ತದೆ. ಆ ಕಾಲದ ಜನಕ್ಕೆ ಲಿಪಿ ಗೊತ್ತಿರಲಿಲ್ಲ ಎಂಬ ಸಮಾಧಾನವಿತ್ತು. ನಮಗೆ ಆ ಸಮಾಧಾನವೂ ಇರುವುದಿಲ್ಲ.